ಐತಿಹ್ಯಕ್ಕೊಂದು ಸಾಲು, ಶಾಸನಕ್ಕೊಂದು ಸಾಲು: ತಲಕಾಡಿನ ವಿಕಿಪೀಡಿಯ ಪುಟ ತಿದ್ದುವವರಿಗೆ

(ತಿ. ನರಸೀಪುರ ತಾಲ್ಲೂಕಿನ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ತಲಕಾಡಿನ ಪಂಚಲಿಂಗ ದರ್ಶನ ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತದೆ ಎಂದು ಫೋನಿನಲ್ಲಿ ಹುಡುಕಿದರೆ ಬಹಳ ಕಡೆ ‘ಹನ್ನೆರಡು ವರ್ಷಕ್ಕೊಮ್ಮೆ’ ಎಂಬ ಉತ್ತರ ಸಿಗುತ್ತದೆ. ಇಲ್ಲಿ ಕೂತಿರುವ ಹಿರಿಯರು ತಾವೇ ಕಂಡ ದರ್ಶನಗಳನ್ನು ನೆನಪು ಮಾಡಿಕೊಳ್ಳಲಿ. 2006ರಲ್ಲಿ ಆಯಿತು. 2009ರಲ್ಲಿ ಆಯಿತು. 2013ರಲ್ಲಿ ಆಯಿತು. ಆಮೇಲೆ 2020ರ ಡಿಸೆಂಬರ್‌ನಲ್ಲಿ, ಕೊರೊನಾ ನಿರ್ಬಂಧಗಳ ನಡುವೆಯೇ ಆಯಿತು. ಅಂತರ ಮೂರು ವರ್ಷ, ನಾಲ್ಕು ವರ್ಷ, ಏಳು ವರ್ಷ. ಇದರಲ್ಲಿ ಹನ್ನೆರಡು ಎಲ್ಲಿದೆ? ಈ ದರ್ಶನವನ್ನು ಗೊತ್ತು ಮಾಡುವುದು ವರ್ಷ ಎಣಿಸಿ ಅಲ್ಲ, ಪಂಚಾಂಗ ನೋಡಿ. ಕಾರ್ತಿಕದ ಅಮಾವಾಸ್ಯೆ ಸೋಮವಾರ ಬಿದ್ದು, ಅದಕ್ಕೆ ನಕ್ಷತ್ರವೂ ಯೋಗವೂ ಕೂಡಿಬರಬೇಕು. ಅದು ಯಾವಾಗ ಕೂಡಿಬರುತ್ತದೋ ಆಗ ದರ್ಶನ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006, 2018 ಎಂದು ಹನ್ನೆರಡು ವರ್ಷಕ್ಕೊಮ್ಮೆ ಬರುವುದನ್ನು ನೋಡಿದ ಯಾರೋ ಇಲ್ಲಿಯೂ ಹಾಗೇ ಇರಬೇಕು ಎಂದುಕೊಂಡು ಬರೆದಿರಬಹುದು ಎಂಬುದು ನನ್ನ ಊಹೆ. ಒಬ್ಬರು ಬರೆದದ್ದನ್ನು ನೂರು ಜನ ನಕಲು ಮಾಡಿದರು.

ಈ ತಪ್ಪು ಇಷ್ಟು ಕಾಲ ಉಳಿದದ್ದು ಯಾಕೆ ಅಂದರೆ, ದರ್ಶನ ಕಂಡವರು ಅಂತರ್ಜಾಲದ ಪುಟ ನೋಡುವುದಿಲ್ಲ, ಪುಟ ನೋಡುವವರು ದರ್ಶನ ಕಂಡಿಲ್ಲ. ಬೆಂಗಳೂರು, ಮೈಸೂರಿನಂಥ ಊರುಗಳ ಪುಟವನ್ನು ದಿನಕ್ಕೆ ಸಾವಿರಾರು ಜನ ನೋಡುತ್ತಾರೆ, ತಪ್ಪಿದ್ದರೆ ಯಾರಾದರೂ ಹಿಡಿಯುತ್ತಾರೆ. ಸಣ್ಣ ಊರಿನ ಪುಟಕ್ಕೆ ಆ ಕಾವಲು ಇಲ್ಲ. ಅಲ್ಲಿ ಒಂದು ಸಲ ಸೇರಿದ ತಪ್ಪು ಹತ್ತು ವರ್ಷವಾದರೂ ಅಲುಗುವುದಿಲ್ಲ. ಅಷ್ಟರಲ್ಲಿ ಅದು ಶಾಲಾ ಮಕ್ಕಳ ಪ್ರಾಜೆಕ್ಟಿಗೆ, ಪ್ರವಾಸಿ ಗೈಡುಗಳ ಬಾಯಿಗೆ, ಪತ್ರಿಕೆಯ ಪುರವಣಿಗೆ, ಈಗೀಗ ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಯಂತ್ರಗಳಿಗೂ ಹೋಗಿ ಸೇರಿರುತ್ತದೆ. ಹಾಗಾಗಿ ಈ ಕೆಲಸ ಊರಿನವರಿಂದಲೇ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಊರಿನವರು ಎಂಬ ಅಧಿಕಾರದಿಂದ ಆಗುವ ಕೆಲಸ ಇದಲ್ಲ. ಈ ಹೊತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ‘ಸಂಪಾದಿಸಿ’ ಒತ್ತಿ, ಹನ್ನೆರಡು ತೆಗೆದು, ‘ನಾನು ತಲಕಾಡಿನವನು, ನನಗೆ ಗೊತ್ತು’ ಎಂದು ಬರೆದು ಹೊರಟುಹೋಗಬಹುದು. ಮಾರನೆಯ ದಿನ ನೋಡಿದರೆ ಹಳೆಯ ವಾಕ್ಯ ಮತ್ತೆ ಬಂದು ಕೂತಿರುತ್ತದೆ. ಸಿಟ್ಟು ಬರುತ್ತದೆ. ಎಲ್ಲೋ ಕೂತವರು ನಮ್ಮೂರಿನ ವಿಷಯ ನಮಗೇ ಹೇಳಿಕೊಡುತ್ತಾರಲ್ಲ ಎನಿಸುತ್ತದೆ. ಆದರೆ ಅವರ ಕಡೆಯಿಂದಲೂ ಒಮ್ಮೆ ನೋಡಬೇಕು. ನೀವು ತಲಕಾಡಿನವರೇ ಎಂಬುದು ಅವರಿಗೆ ಗೊತ್ತಾಗುವ ದಾರಿ ಇಲ್ಲ. ನಾಳೆ ಇನ್ನೊಬ್ಬರು ಬಂದು ತಾವೂ ತಲಕಾಡಿನವರೇ ಎಂದು ಬೇರೆ ಅಂಕಿ ಬರೆದರೆ ಯಾರ ಮಾತು ನಿಲ್ಲಬೇಕು? ಅದಕ್ಕೇ ಅಲ್ಲಿನ ನಿಯಮ ಹೇಳುವವರ ಊರು ಕೇಳುವುದಿಲ್ಲ, ಆಧಾರ ಕೇಳುತ್ತದೆ. ಅಚ್ಚಾದ, ಬೇರೆಯವರೂ ತೆರೆದು ನೋಡಬಹುದಾದ, ನಂಬಬಹುದಾದ ಆಧಾರ.

ಪಂಚಲಿಂಗ ದರ್ಶನದ ವಿಷಯದಲ್ಲಿ ಅದು ಕಷ್ಟವೇ ಅಲ್ಲ. ಆ ನಾಲ್ಕೂ ವರ್ಷ ಕನ್ನಡ, ಇಂಗ್ಲಿಷ್ ಪತ್ರಿಕೆಗಳು ವರದಿ ಮಾಡಿವೆ. ಒಂದೊಂದು ವರ್ಷಕ್ಕೆ ಒಂದೊಂದು ವರದಿಯನ್ನು ಉಲ್ಲೇಖಿಸಿ ‘2006, 2009, 2013 ಮತ್ತು 2020ರಲ್ಲಿ ದರ್ಶನ ನಡೆದಿದೆ’ ಎಂದು ಬರೆದರೆ ಸಾಕು. ಹನ್ನೆರಡು ಸುಳ್ಳು ಎಂದು ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ಅದೇ ಕೈಯಲ್ಲಿ ಪಕ್ಕದ ಇನ್ನೊಂದು ವಾಕ್ಯವನ್ನೂ ನೋಡಿ. ‘ಮರಳಿನಲ್ಲಿ ಹೂತ ಐದು ಶಿವಾಲಯಗಳು’ ಎಂದು ಬರೆಯುವವರಿದ್ದಾರೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮಲ್ಲಿಕಾರ್ಜುನ ಇವು ಐದು. ಮಲ್ಲಿಕಾರ್ಜುನ ಇರುವುದು ಮುಡುಕುತೊರೆಯ ಬೆಟ್ಟದ ಮೇಲೆ. ಬೆಟ್ಟ ಹತ್ತಿದ ಯಾರಿಗಾದರೂ ಇದು ಗೊತ್ತು. ಅರ್ಕೇಶ್ವರ ಇರುವುದು ವಿಜಯಾಪುರದಲ್ಲಿ. ದೂರದವರಿಗೆ ಐದೂ ಒಂದೇ ಮರಳುದಿಬ್ಬದ ಅಡಿಯಲ್ಲಿರುವಂತೆ ಕಾಣುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ಅಲಮೇಲಮ್ಮ.

‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದೆ ಹೋಗಲಿ.’ ಈ ಭಾಗದಲ್ಲಿ ಹುಟ್ಟಿದವರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಅಂತರ್ಜಾಲದಲ್ಲಿ ತಲಕಾಡಿನ ಬಗ್ಗೆ ಏನೇ ತೆರೆದರೂ ಮೊದಲ ಪ್ಯಾರಾದಲ್ಲೇ ಇದು ಬರುತ್ತದೆ. ಸಾಮಾನ್ಯವಾಗಿ ಬರುವುದು ಹೀಗೆ: ‘1610ರಲ್ಲಿ ಅಲಮೇಲಮ್ಮ ಕೊಟ್ಟ ಶಾಪದಿಂದ ತಲಕಾಡು ಮರಳಿನಲ್ಲಿ ಮುಳುಗಿತು, ಅಂದಿನಿಂದ 400 ವರ್ಷ ಮೈಸೂರು ಅರಸರಿಗೆ ಮಕ್ಕಳಾಗಲಿಲ್ಲ.’ ಇಂಥ ವಾಕ್ಯ ಕಂಡಾಗ ಎರಡು ಬಗೆಯ ಜನ ಎರಡು ಬಗೆಯಲ್ಲಿ ಕೈಹಾಕುತ್ತಾರೆ. ಒಬ್ಬರು ಇದು ಮೂಢನಂಬಿಕೆ ಎಂದು ಇಡೀ ಪ್ಯಾರಾ ಅಳಿಸುತ್ತಾರೆ. ಇನ್ನೊಬ್ಬರು ನಮ್ಮ ಊರಿನ ಹೆಮ್ಮೆ ಎಂದು ಅದನ್ನೇ ಇನ್ನೂ ಉದ್ದ ಮಾಡುತ್ತಾರೆ. ನನ್ನ ಪ್ರಕಾರ ಇಬ್ಬರದೂ ತಪ್ಪು. ಆ ಒಂದು ವಾಕ್ಯದೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ತಿದ್ದುವುದು ಅಂದರೆ ಅವುಗಳನ್ನು ಬಿಡಿಸಿ, ಪ್ರತಿಯೊಂದನ್ನೂ ಅದರದರ ಆಧಾರದ ಪಕ್ಕದಲ್ಲಿ ಕೂರಿಸುವುದು.

ಮೊದಲನೆಯದು 1610. ಆ ವರ್ಷ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಇದು ಇತಿಹಾಸ, ಯಾವ ಪ್ರಮಾಣಗ್ರಂಥದಲ್ಲಿ ನೋಡಿದರೂ ಸಿಗುತ್ತದೆ. ಆದರೆ ವಶವಾದದ್ದು ಶ್ರೀರಂಗಪಟ್ಟಣ. ತಲಕಾಡು ಮೈಸೂರಿನ ಕೈಗೆ ಬಂದದ್ದು 1634ರಲ್ಲಿ ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೇಳುತ್ತವೆ. ಅಷ್ಟು ಹೊತ್ತಿಗೆ ರಾಜ ಒಡೆಯರು ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಕಥೆಯ ಕಾವಿನಲ್ಲಿ ಎರಡು ಊರಿನ ಎರಡು ಘಟನೆಗಳು ಬೆಸೆದುಕೊಂಡಿವೆ.

ಎರಡನೆಯದು ಶಾಪ. ಇದು ಐತಿಹ್ಯ. ಇದಕ್ಕೆ ಒಂದೇ ಪಾಠವೂ ಇಲ್ಲ. ಅಲಮೇಲಮ್ಮನ ಗಂಡ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ. ಒಬ್ಬರು ಹೇಳುವಾಗ ಅವನ ಹೆಸರು ತಿರುಮಲರಾಜ, ಇನ್ನೊಬ್ಬರು ಹೇಳುವಾಗ ಶ್ರೀರಂಗರಾಯ. ಬೆನ್ನುಫಣಿ ಎಂಬ ಬೆನ್ನಿನ ಹುಣ್ಣು ವಾಸಿಯಾಗಲೆಂದು ಅವನು ವೈದ್ಯೇಶ್ವರನ ಸನ್ನಿಧಿಗೆ ಬಂದ ಎಂಬುದು, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಾಗಿ ಅರಮನೆಯವರು ಅಲಮೇಲಮ್ಮನನ್ನು ಅಟ್ಟಿಸಿಕೊಂಡು ಬಂದರು ಎಂಬುದು, ಆಕೆ ಕಾವೇರಿಗೆ ಹಾರಿದಳು ಎಂಬುದು, ಇವೆಲ್ಲ ಈ ಕಥೆಯ ಅಂಗಗಳು. ವಿಶ್ವಕೋಶದಲ್ಲಿ ಇದಕ್ಕೆ ಜಾಗ ಇರಲೇಬೇಕು. ಇದನ್ನು ಬಿಟ್ಟರೆ ತಲಕಾಡಿನ ಪುಟ ಅರ್ಧವಾಗುತ್ತದೆ. ಆದರೆ ವಾಕ್ಯ ಶುರುವಾಗಬೇಕಾದದ್ದು ‘ಸ್ಥಳೀಯ ಐತಿಹ್ಯದ ಪ್ರಕಾರ’ ಎಂದು. ಪಾಠಭೇದಗಳಿದ್ದರೆ ಯಾವ ಪಾಠ ಯಾವ ಪುಸ್ತಕದಲ್ಲಿದೆ ಎಂದು ಹೇಳಬೇಕು. ಹಾಗೆ ಹೇಳಿದರೆ ಕಥೆಗೆ ಅವಮಾನವಾಗುವುದಿಲ್ಲ. ಕಥೆಯನ್ನು ಕಥೆ ಎಂದು ಕರೆದಾಗಲೇ ಅದನ್ನು ಪೂರ್ತಿಯಾಗಿ ಹೇಳುವ ಸ್ವಾತಂತ್ರ್ಯ ಸಿಗುತ್ತದೆ. ಇತಿಹಾಸದ ವೇಷ ಹಾಕಿದರೆ ಅದರ ಅರ್ಧ ವಿವರ ಮುಚ್ಚಿಡಬೇಕಾಗುತ್ತದೆ.

ಮೂರನೆಯದು ಮರಳು. ಮರಳು ಕಣ್ಣಿಗೆ ಕಾಣುವ ವಸ್ತು, ಅದಕ್ಕೆ ಭೂವಿಜ್ಞಾನಿಗಳ ವಿವರಣೆ ಇದೆ. ಕಾವೇರಿ ತಲಕಾಡಿನ ಹತ್ತಿರ ದೊಡ್ಡ ತಿರುವು ಹಾಕುತ್ತದೆ. ವಿಜಯನಗರದ ಕಾಲದಲ್ಲಿ ಹೆಮ್ಮಿಗೆಯ ಬಳಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆ ಇವತ್ತಿಗೂ ಇದೆ, ಅದರ ನಾಲೆಯ ನೀರು ಇವತ್ತಿಗೂ ಗದ್ದೆಗೆ ಹರಿಯುತ್ತದೆ. ಕಟ್ಟೆಯಿಂದ ಕೆಳಗೆ ನೀರು ತಗ್ಗಿ, ಹೊಳೆಯ ಪಾತ್ರದ ಮರಳು ಬಯಲಾಗಿ, ಬೇಸಿಗೆಯ ಗಾಳಿ ಅದನ್ನು ಎತ್ತಿಕೊಂಡು ಬಂದು ದಡದ ಊರಿನ ಮೇಲೆ ಸುರಿಯುತ್ತಾ ಹೋಯಿತು ಎಂಬುದು ಆ ವಿವರಣೆಯ ಸಾರ. ಇಲ್ಲಿ ನಿಮಗೆ ಥಟ್ಟನೆ ಒಂದು ವಿಚಾರ ಹೊಳೆಯಬಹುದು. ಕಟ್ಟೆ ವಿಜಯನಗರದ್ದಾದರೆ ಮರಳು ಬರಲು ಶುರುವಾದದ್ದು 1610ಕ್ಕಿಂತ ಮೊದಲೇ ಇರಬೇಕಲ್ಲ? ಒಳ್ಳೆಯ ವಿಚಾರ. ಆದರೆ ಅದನ್ನು ನೀವೇ ಪುಟಕ್ಕೆ ಸೇರಿಸುವ ಹಾಗಿಲ್ಲ. ಸ್ವಂತ ತರ್ಕ ಎಷ್ಟೇ ಸರಿಯಾಗಿದ್ದರೂ ಅದನ್ನು ಪ್ರಕಟಿಸುವ ಜಾಗ ವಿಕಿಪೀಡಿಯ ಅಲ್ಲ. ಸಂಶೋಧಕರೊಬ್ಬರು ಹಾಗೆ ವಾದಿಸಿದ ಲೇಖನ ಹುಡುಕಿ ತನ್ನಿ, ಆಗ ‘ಇಂಥವರ ಅಭಿಪ್ರಾಯದಲ್ಲಿ’ ಎಂದು ಸೇರಿಸಿ. ಲೇಖನ ಇಲ್ಲದಿದ್ದರೆ ನೀವೇ ಬರೆದು ಒಂದು ಇತಿಹಾಸ ಪತ್ರಿಕೆಗೆ ಕಳಿಸಿ. ಇದು ಮೊದಮೊದಲು ವಿಚಿತ್ರ ಎನಿಸುತ್ತದೆ. ಆದರೆ ಇದೇ ನಿಯಮ ಇಲ್ಲದಿದ್ದರೆ ಪ್ರತಿ ಊರಿನ ಪುಟವೂ ಪ್ರತಿಯೊಬ್ಬರ ಊಹೆಗಳ ಸಂತೆಯಾಗುತ್ತಿತ್ತು.

ನಾಲ್ಕನೆಯದು ಮಕ್ಕಳ ವಿಷಯ. ‘400 ವರ್ಷ ಮಕ್ಕಳಾಗಲಿಲ್ಲ’ ಎಂಬುದನ್ನು ಪರೀಕ್ಷಿಸಲು ಶಾಸನ ಓದಬೇಕಾಗಿಲ್ಲ, ವಂಶಾವಳಿ ನೋಡಿದರೆ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರು 1884ರಲ್ಲಿ ಹುಟ್ಟಿದವರು, ಚಾಮರಾಜೇಂದ್ರ ಒಡೆಯರ ಸ್ವಂತ ಮಗ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ತಮ್ಮನ ಮಗ ಜಯಚಾಮರಾಜೇಂದ್ರರು ಪಟ್ಟಕ್ಕೆ ಬಂದರು. ಜಯಚಾಮರಾಜೇಂದ್ರರಿಗೆ 1953ರಲ್ಲಿ ಮಗ ಹುಟ್ಟಿದರು, ಅವರೇ ಶ್ರೀಕಂಠದತ್ತ ನರಸಿಂಹರಾಜ ಒಡೆಯರು. ಅವರಿಗೆ ಮಕ್ಕಳಿರಲಿಲ್ಲ, 2013ರಲ್ಲಿ ಅವರು ತೀರಿಕೊಂಡ ಮೇಲೆ 2015ರಲ್ಲಿ ಯದುವೀರ ಅವರನ್ನು ದತ್ತು ತೆಗೆದುಕೊಂಡರು. ದತ್ತು ನಡೆದದ್ದು ನಿಜ, ಮತ್ತೆ ಮತ್ತೆ ನಡೆದದ್ದೂ ನಿಜ. ಆದರೆ ‘ಮಕ್ಕಳೇ ಆಗಲಿಲ್ಲ’ ಎಂಬುದು ನಿಜವಲ್ಲ. 2017ರ ಡಿಸೆಂಬರ್‌ನಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ‘400 ವರ್ಷದ ಶಾಪ ಕಳೆಯಿತು’ ಎಂಬ ಶೀರ್ಷಿಕೆಗಳು ಎಲ್ಲೆಲ್ಲೂ ಬಂದವು. ಆ ಶೀರ್ಷಿಕೆಯನ್ನೇ ಆಧಾರವಾಗಿ ತೋರಿಸಿ ವಾಕ್ಯ ಉಳಿಸಿಕೊಳ್ಳಲು ಬರುವವರಿಗೆ ಈ ಹೆಸರುಗಳನ್ನು, ವರ್ಷಗಳನ್ನು ಚರ್ಚೆ ಪುಟದಲ್ಲಿ ಶಾಂತವಾಗಿ ಮುಂದಿಟ್ಟರೆ ಸಾಕು.

ಪತ್ರಿಕೆಯ ಆಧಾರದ ಮಾತು ಬಂತು, ಅದರಲ್ಲಿ ಒಂದು ಅಪಾಯ ಇದೆ. ಪತ್ರಿಕೆಯವರೂ ಅವಸರದಲ್ಲಿ ವಿಕಿಪೀಡಿಯವನ್ನೇ ನೋಡಿ ಬರೆಯುತ್ತಾರೆ. ಆಮೇಲೆ ವಿಕಿಪೀಡಿಯದವರು ಆ ಪತ್ರಿಕೆಯನ್ನೇ ಆಧಾರ ಎಂದು ಹಾಕುತ್ತಾರೆ. ತಪ್ಪು ತನಗೆ ತಾನೇ ಸಾಕ್ಷಿ ಹೇಳಿದಂತಾಗುತ್ತದೆ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಕೋಆಟಿ ಎಂಬ ಪ್ರಾಣಿಯ ಇಂಗ್ಲಿಷ್ ಪುಟದಲ್ಲಿ, ಅದಕ್ಕೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂದೂ ಹೆಸರಿದೆ ಎಂದು ತಾನೇ ಕಟ್ಟಿದ ಹೆಸರನ್ನು ಸೇರಿಸಿದ್ದ. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ದೊಡ್ಡ ಪತ್ರಿಕೆಗಳಲ್ಲಿ ಆ ಹೆಸರು ಬಂತು, ಆ ಪತ್ರಿಕೆಗಳೇ ಪುಟಕ್ಕೆ ಆಧಾರವಾದವು. 2014ರಲ್ಲಿ ಸಂಗತಿ ಬಯಲಾಗುವವರೆಗೂ ಹಾಗೇ ನಡೆಯಿತು. ಇಂಥದನ್ನು ಹಿಡಿಯಲು ಒಂದು ಸರಳ ದಾರಿ ಇದೆ. ಪ್ರತಿ ಪುಟದ ಮೇಲೂ ‘ಇತಿಹಾಸ’ ಎಂಬ ಕೊಂಡಿ ಇರುತ್ತದೆ. ಯಾವ ವಾಕ್ಯ ಯಾವ ದಿನ ಪುಟಕ್ಕೆ ಬಂತು ಎಂದು ಅದರಲ್ಲಿ ಹುಡುಕಿ. ವಾಕ್ಯ ಬಂದ ಮೇಲೆ ಪತ್ರಿಕೆಯ ವರದಿ ಬಂದಿದ್ದರೆ, ಮಾತುಗಳೂ ಹೆಚ್ಚುಕಡಿಮೆ ಒಂದೇ ಇದ್ದರೆ, ಅದನ್ನು ನಂಬಬೇಡಿ. ತಲಕಾಡಿನಲ್ಲಿ ‘ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಹೂತುಹೋಗಿವೆ’ ಎಂಬ ವಾಕ್ಯವನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಎಲ್ಲರೂ ಬರೆಯುತ್ತಾರೆ, ಎಣಿಸಿದವರು ಯಾರು ಎಂದು ಬರೆಯುವುದಿಲ್ಲ. ಉತ್ಖನನದ ವರದಿಯಲ್ಲಿ ಯಾವ ಯಾವ ಗುಡಿಯ ಹೆಸರಿದೆಯೋ ಅಷ್ಟನ್ನು ಹೆಸರಿಟ್ಟು ಬರೆದರೆ ಅದು ಮೂವತ್ತು ಎಂಬ ಹೆಸರಿಲ್ಲದ ಅಂಕಿಗಿಂತ ಎಷ್ಟೋ ಮೇಲು.

ಕನ್ನಡ ವಿಕಿಪೀಡಿಯಕ್ಕೆ ಮಾತ್ರ ಸಂಬಂಧಪಟ್ಟ ಒಂದು ತೊಡಕು ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದವು. ಅದು ಕನ್ನಡಕ್ಕೆ ಸಿಕ್ಕ ದೊಡ್ಡ ಆಸ್ತಿ. ಅದರ ಬರಹಗಳನ್ನು ಎಷ್ಟೋ ಪುಟಗಳಿಗೆ ಹಾಗೇ ತಂದು ಸೇರಿಸಿದ್ದಾರೆ. ಆದರೆ ಮೊದಲ ಸಂಪುಟ ಬಂದದ್ದು 1969ರಲ್ಲಿ. ಆ ಬರಹದಲ್ಲಿ ‘ಈಗ’ ಎಂದಿದ್ದರೆ ಅದು ಯಾವ ಈಗ? ಜನಸಂಖ್ಯೆ ಯಾವ ದಶಕದ್ದು? ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಬರಹದಲ್ಲಿ ಕೊಳ್ಳೇಗಾಲವೂ ಯಳಂದೂರೂ ಮೈಸೂರು ಜಿಲ್ಲೆಯಲ್ಲೇ ಇರುತ್ತವೆ. ಇದನ್ನು ಓದಿದವರು ಗೊಂದಲಪಟ್ಟು ತಿ. ನರಸೀಪುರವನ್ನೂ ಹೊಸ ಜಿಲ್ಲೆಗೆ ಸೇರಿಸಿಬಿಡುತ್ತಾರೆ. ಹಾಗಾಗಿ ಊರಿನ ಪುಟದಲ್ಲಿ ‘ಈಗ’, ‘ಇತ್ತೀಚೆಗೆ’, ‘ಇಂದಿಗೂ’ ಎಂಬ ಮಾತು ಕಂಡಲ್ಲೆಲ್ಲ ನಿಲ್ಲಿ. ಅದರ ಜಾಗದಲ್ಲಿ ಇಸವಿ ಬರೆಯಿರಿ. ಜನಸಂಖ್ಯೆಗೆ 2011ರ ಜನಗಣತಿಯ ಅಂಕಿ ಹಾಕಿ, 2011 ಎಂದು ಸ್ಪಷ್ಟವಾಗಿ ಹೇಳಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಭಾರತದ ಸಣ್ಣ ಊರುಗಳ ಎಷ್ಟೋ ಪುಟಗಳು ಇನ್ನೂ 2001ರ ಅಂಕಿಯಲ್ಲೇ ನಿಂತಿವೆ.

ಇತಿಹಾಸದ ಇನ್ನು ಕೆಲವು ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗಂಗರ ಮೊದಲ ರಾಜಧಾನಿ ತಲಕಾಡಲ್ಲ, ಕೋಲಾರ. ಶಾಸನಗಳಲ್ಲಿ ಅದು ಕುವಲಾಲ. ತಲಕಾಡು ಆಮೇಲೆ ಬಂದದ್ದು. ಹನ್ನೊಂದನೆಯ ಶತಮಾನದ ಹೊತ್ತಿಗೆ ತಲಕಾಡು ಚೋಳರ ಕೈಯಲ್ಲಿತ್ತು, ಆಗ ಅದಕ್ಕೆ ರಾಜರಾಜಪುರ ಎಂಬ ಹೆಸರೂ ಇತ್ತು. ಈ ನೂರು ವರ್ಷವನ್ನು ನುಂಗಿಬಿಟ್ಟು ಗಂಗರಿಂದ ನೇರವಾಗಿ ಹೊಯ್ಸಳರಿಗೆ ಹಾರುವ ಬರಹಗಳಿವೆ. ವಿಷ್ಣುವರ್ಧನ ಚೋಳರನ್ನು ಸೋಲಿಸಿ ‘ತಲಕಾಡುಗೊಂಡ’ ಎನಿಸಿಕೊಂಡು ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು ಮತ್ತು ಇದೇ ತಾಲ್ಲೂಕಿನ ಸೋಮನಾಥಪುರ. ಕೀರ್ತಿನಾರಾಯಣ ಅದರಲ್ಲಿಲ್ಲ. ಅಭಿಮಾನಕ್ಕೆ ಅದನ್ನು ಸೇರಿಸಬೇಡಿ. ಈ ಎಲ್ಲಕ್ಕೂ ಆಧಾರ ಬೇಕೆಂದರೆ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಐದನೆಯ ಸಂಪುಟ ತೆರೆಯಿರಿ, ತಿ. ನರಸೀಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಶಾಸನದ ಸಂಖ್ಯೆ ಸಹಿತ ಉಲ್ಲೇಖ ಕೊಟ್ಟರೆ ನಿಮ್ಮ ವಾಕ್ಯವನ್ನು ಅಳಿಸುವುದು ಯಾರಿಗೂ ಸುಲಭವಲ್ಲ. ಊರಿನಲ್ಲೇ ಇರುವ ನಿಮಗೆ ಇನ್ನೊಂದು ಅನುಕೂಲವೂ ಇದೆ. ಸಂಪುಟದಲ್ಲಿ ಓದಿದ ಕಲ್ಲು ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಹೋಗಿ ನೋಡಿ, ಫೋಟೊ ತೆಗೆದು ವಿಕಿಪೀಡಿಯದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಕಲ್ಲಿನ ಹತ್ತಿರ ನಡೆದುಹೋಗುವ ಕೆಲಸ ದೂರದ ಸಂಪಾದಕರಿಂದ ಆಗುವುದಿಲ್ಲ.

ಇನ್ನೊಂದು ಬಗೆಯ ವಾಕ್ಯದ ಬಗ್ಗೆ ನನಗೆ ನಿಜವಾಗಿ ಆತಂಕ ಇದೆ. ‘ಇಲ್ಲಿ ಹೊಳೆ ಆಳವಿಲ್ಲ, ಮಕ್ಕಳೊಂದಿಗೆ ಸ್ನಾನಕ್ಕೆ ಸುರಕ್ಷಿತ’ ಎಂಬಂಥ ಸಾಲುಗಳು. ತಲಕಾಡಿನ ದಡದಲ್ಲಿ, ಮುಡುಕುತೊರೆಯಲ್ಲಿ ನೀರುಪಾಲಾದವರ ಸುದ್ದಿಯನ್ನು ನಾವು ವರ್ಷ ವರ್ಷವೂ ಓದುತ್ತಿದ್ದೇವೆ. ಮೇಲೆ ಕೆಆರ್‌ಎಸ್ ಇದೆ, ಕಬಿನಿ ಇದೆ. ಬಿಡುವ ನೀರಿನ ಮೇಲೆ ಹೊಳೆಯ ಮಟ್ಟ ಬದಲಾಗುತ್ತದೆ. ಮೇಲೆ ತೆಳ್ಳಗೆ ಕಾಣುವ ನೀರಿನ ಕೆಳಗೆ ಗುಂಡಿಗಳಿರುತ್ತವೆ. ವಿಶ್ವಕೋಶ ಪ್ರವಾಸಿ ಕೈಪಿಡಿಯಲ್ಲ, ಸುರಕ್ಷಿತ ಎಂದು ಭರವಸೆ ಕೊಡುವುದು ಅದರ ಕೆಲಸವೇ ಅಲ್ಲ. ಅಂಥ ಸಾಲು ಕಂಡರೆ ಚರ್ಚೆಗೆ ಕಾಯಬೇಡಿ, ಆಧಾರವಿಲ್ಲ ಎಂದು ಕಾರಣ ಬರೆದು ಆ ಕ್ಷಣವೇ ತೆಗೆಯಿರಿ.

ಉಳಿದದ್ದಕ್ಕೆಲ್ಲ ತಾಳ್ಮೆ ಬೇಕು. ಖಾತೆ ತೆರೆದು ಕೆಲಸ ಮಾಡಿ. ಒಂದು ಸಲಕ್ಕೆ ಒಂದು ವಾಕ್ಯ ತಿದ್ದಿ, ಯಾಕೆ ತಿದ್ದಿದೆ ಎಂದು ಸಾರಾಂಶದಲ್ಲಿ ಬರೆಯಿರಿ. ಹತ್ತು ಬದಲಾವಣೆಯನ್ನು ಒಟ್ಟಿಗೆ ಮಾಡಿದರೆ, ಅದರಲ್ಲಿ ಒಂದು ಒಪ್ಪಿಗೆಯಾಗದಿದ್ದರೂ ಹತ್ತೂ ಹೋಗುತ್ತವೆ. ಯಾರಾದರೂ ಹಿಂದಿನಂತೆ ಮಾಡಿದರೆ ನೀವು ಮತ್ತೆ ಬದಲಾಯಿಸುವ ಜಿದ್ದಿಗೆ ಬೀಳಬೇಡಿ, ಚರ್ಚೆ ಪುಟಕ್ಕೆ ಹೋಗಿ. ಕನ್ನಡದಲ್ಲಿ ಸಕ್ರಿಯ ಸಂಪಾದಕರು ಕಡಿಮೆ, ಸಣ್ಣ ಊರಿನ ಚರ್ಚೆ ಪುಟದಲ್ಲಿ ಕೇಳಿದ ಪ್ರಶ್ನೆಗೆ ತಿಂಗಳಾದರೂ ಉತ್ತರ ಬರದೆ ಇರಬಹುದು. ಆಗ ‘ಅರಳಿ ಕಟ್ಟೆ’ಯಲ್ಲಿ ಕೇಳಿ, ಅದು ಕನ್ನಡ ವಿಕಿಪೀಡಿಯದವರೆಲ್ಲ ಸೇರುವ ಜಾಗ. ತಪ್ಪು ಬರೆದವರನ್ನು ಹಳಿಯಬೇಡಿ. ಸಣ್ಣ ಊರಿನ ಪುಟವನ್ನು ಮೊದಲು ಶುರು ಮಾಡಿದವರು ಬಹುಮಟ್ಟಿಗೆ ಆ ಊರಿನ ಮೇಲಿನ ಪ್ರೀತಿಯಿಂದಲೇ ಮಾಡಿರುತ್ತಾರೆ. ಹಾಗೆಯೇ ನಿಮ್ಮ ನೆಂಟರ ಹೋಂಸ್ಟೇ, ನಿಮ್ಮ ಸಂಘ, ನಿಮಗೆ ಬೇಕಾದ ಮುಖಂಡರ ಹೆಸರನ್ನು ಪುಟಕ್ಕೆ ಸೇರಿಸುವ ಆಸೆ ಬಂದಾಗ ಕೈ ಹಿಂದಕ್ಕೆ ತೆಗೆದುಕೊಳ್ಳಿ. ನಿಮಗೆ ಸಂಬಂಧವಿರುವ ವಿಷಯವಾದರೆ ಚರ್ಚೆ ಪುಟದಲ್ಲಿ ಆ ಸಂಬಂಧವನ್ನು ಹೇಳಿ, ತಿದ್ದುವ ಕೆಲಸ ಬೇರೆಯವರಿಗೆ ಬಿಡಿ.

ಮಾತು ಮುಗಿದ ಮೇಲೆ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. ‘ಸರ್, ನಮ್ಮ ಅಜ್ಜಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ. ಹಳೇ ಊರಿನ ಬೀದಿ ಯಾವ ಕಡೆ ಇತ್ತು, ಮರಳು ಬಂದಾಗ ಯಾವ ಮನೆಗಳನ್ನು ಬಿಟ್ಟು ಎದ್ದರು ಅಂತ ಅವರು ಹೇಳುತ್ತಾರೆ. ಅದು ಹಾಗೇ ಹೋಗಬೇಕಾ?’

ಹೋಗಬಾರದು. ಆದರೆ ಅದು ಮೊದಲು ಹೋಗಬೇಕಾದದ್ದು ವಿಕಿಪೀಡಿಯಕ್ಕಲ್ಲ. ಅಜ್ಜಿಯ ಒಪ್ಪಿಗೆ ಕೇಳಿ, ಅವರ ಮಾತನ್ನು ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ. ಹೇಳಿದ ದಿನಾಂಕ, ಸ್ಥಳ, ಅವರಿಗೆ ಅದನ್ನು ಹೇಳಿದವರು ಯಾರು ಎಂಬುದನ್ನು ಬರೆದಿಡಿ. ಅದೇ ಓರಗೆಯ ಇನ್ನೂ ನಾಲ್ಕೈದು ಮನೆಯವರ ಮಾತನ್ನೂ ಕೇಳಿ, ಹೊಂದುವುದನ್ನೂ ಹೊಂದದಿರುವುದನ್ನೂ ಜೊತೆಗೇ ಇಡಿ. ಕಾಲೇಜಿನ ಸಂಚಿಕೆಯಲ್ಲೋ ಜಾನಪದ ಪತ್ರಿಕೆಯಲ್ಲೋ ಅದು ಲೇಖನವಾಗಿ ಅಚ್ಚಾಗಲಿ, ಒಂದು ಪ್ರತಿ ತಾಲ್ಲೂಕು ಗ್ರಂಥಾಲಯದಲ್ಲಿರಲಿ. ಕಾಲೇಜಿನ ಸಂಚಿಕೆಯನ್ನು ಆಧಾರವಾಗಿ ಒಪ್ಪಬೇಕೇ ಎಂದು ವಿಕಿಪೀಡಿಯದಲ್ಲಿ ಪ್ರಶ್ನೆ ಏಳಬಹುದು, ಜಾನಪದ ಪತ್ರಿಕೆಯಾದರೆ ಆ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಆಗ ‘ಊರಿನ ಹಿರಿಯರ ನೆನಪಿನ ಪ್ರಕಾರ’ ಎಂದು ತಲಕಾಡಿನ ಪುಟದಲ್ಲಿ ಒಂದು ಸಾಲು ಸೇರುತ್ತದೆ, ಅದರ ಪಕ್ಕದಲ್ಲಿ ಆ ಲೇಖನದ ಉಲ್ಲೇಖ ಇರುತ್ತದೆ. ರೆಕಾರ್ಡಿಂಗನ್ನು ಈ ವಾರವೇ ಶುರು ಮಾಡಿ ಎಂದು ಅವರಿಗೆ ಹೇಳಿದೆ. ಅಚ್ಚಿನ ಕೆಲಸಕ್ಕೆ ಮುಂದಿನ ವರ್ಷದವರೆಗೂ ಸಮಯ ಇದೆ.